ಗೆರೆ ತವರಿಗೆ ಹೋದ ವಾರ

ಸಾಹೇಬರ ಬೆರಳು ಪರದೆಯ ಮೇಲಿನ ನೀಲಿ ಗೆರೆಯ ಜೊತೆಜೊತೆಗೇ ನಡೆದು ಬಂತು. ಏರಿತು, ಇಳಿಯಿತು, ಮತ್ತೆ ಏರಿತು. ಆಮೇಲೆ ಗೆರೆ ಧೊಪ್ಪನೆ ಕೆಳಗೆ ಬಿದ್ದ ಜಾಗದಲ್ಲಿ ನಿಂತುಬಿಟ್ಟಿತು. ಅಲ್ಲಿಂದ ಮುಂದಕ್ಕೆ ಗೆರೆ ತಲೆಯೆತ್ತಿರಲಿಲ್ಲ.

“ಇದೇನಿದು?” ಎಂದರು.

“ರಜ ಅಲ್ವಾ ಸಾರ್. ಗೆರೆ ತವರಿಗೆ ಹೋಗಿದೆ,” ಎಂದುಬಿಟ್ಟಳು ಅವಳು, ಬಾಯಿಯ ಅಭ್ಯಾಸಕ್ಕೆ.

ಸಾಹೇಬರು ನಗಲಿಲ್ಲ. ಬಂದು ತಿಂಗಳೂ ಆಗದ ಮನುಷ್ಯ; ಈ ಮಾತಿನ ಹಿಂದುಮುಂದು ಅವರಿಗೆ ಹೇಗೆ ಗೊತ್ತಿರಬೇಕು?

ಪಠ್ಯಪುಸ್ತಕ ಅಚ್ಚು ಹಾಕುವ ಆ ಸಂಸ್ಥೆಯ ನಾಲ್ಕನೇ ಮಹಡಿಯಲ್ಲಿ, ನೆರಳಚ್ಚು ಯಂತ್ರದ ಪಕ್ಕ ಒತ್ತರಿಸಿ ಇಟ್ಟ ಒಂದು ಮೇಜೇ ‘ಯಾಕೆ ಕಟ್ಟೆ’ಯ ಕಚೇರಿ. ಕಟ್ಟೆ ಎಂದರೆ ಅಂತರ್ಜಾಲದ ಒಂದು ತಾಣ. ವಿಜ್ಞಾನದ ವಿಷಯ ಏನೇ ಇರಲಿ, ಯಾರು ಬೇಕಾದರೂ ಬಂದು ‘ಯಾಕೆ’ ಎಂದು ಕೇಳಬಹುದು, ಗೊತ್ತಿದ್ದವರು ಉತ್ತರ ಬರೆಯಬಹುದು. ಆಕಾಶ ಯಾಕೆ ನೀಲಿ ಎಂಬಲ್ಲಿಂದ ಬಿಕ್ಕಳಿಕೆ ಯಾಕೆ ಬರುತ್ತದೆ ಎಂಬಲ್ಲಿಯವರೆಗೆ ಅಲ್ಲಿ ಎಲ್ಲಕ್ಕೂ ಜಾಗವಿತ್ತು. ಅದರ ಯಜಮಾನಿ, ಕಾವಲುಗಾರ್ತಿ, ಕಸಗುಡಿಸುವವಳು ಎಲ್ಲ ಅವಳೊಬ್ಬಳೇ. ಬೈಗುಳ ಬರೆದವರನ್ನು ಕತ್ತು ಹಿಡಿದು ಹೊರಗೆ ಹಾಕುವುದು, ತಪ್ಪು ಬರೆದವರಿಗೆ ಮುಖ ಬಾಡದ ಹಾಗೆ ತಿಳಿಸಿ ಹೇಳುವುದು ಅವಳ ಕೆಲಸ. ಕಟ್ಟೆಯವರೆಲ್ಲ ಅವಳನ್ನು ಕರೆಯುವುದು ‘ಕಟ್ಟೆಯಕ್ಕ’ ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಪ್ರಶ್ನೆ ಕೇಳುವವರಲ್ಲಿ ಮುಕ್ಕಾಲು ಪಾಲು ಶಾಲೆಯ ಮಕ್ಕಳು, ಉತ್ತರಿಸುವವರಲ್ಲಿ ಅರ್ಧಕ್ಕರ್ಧ ಮೇಷ್ಟರುಗಳು. ಶಾಲೆಗೆ ಬೀಗ ಬಿತ್ತೆಂದರೆ ಕಟ್ಟೆ ಭಣಭಣ, ಬಂದು ಹೋಗುವವರ ಲೆಕ್ಕ ತೋರಿಸುವ ನೀಲಿ ಗೆರೆ ನೆಲಕ್ಕೆ. ಮೊದಲ ವರ್ಷ ಹೀಗಾದಾಗ ಯಂತ್ರವೇ ಕೆಟ್ಟಿದೆ ಎಂದುಕೊಂಡು ರಜೆಯಲ್ಲಿದ್ದ ತಂತ್ರಜ್ಞನಿಗೆ ಫೋನು ಮಾಡಿ, ಅವನಿಂದ ಚೆನ್ನಾಗಿ ಬೈಸಿಕೊಂಡಿದ್ದಳು. ಶಾಲೆ ತೆರೆದ ದಿನ ಗೆರೆ ತಾನಾಗಿಯೇ ಎದ್ದು ಕೂತಿತು. ಆ ಸಂಜೆ ಮನೆಯಲ್ಲಿ ಈ ಪುರಾಣ ಹೇಳಿದರೆ ಅವಳ ಅತ್ತೆ, “ಅದಕ್ಯಾಕೆ ಅಷ್ಟು ಗಾಬರಿ? ಹೆಣ್ಮಗಳು ಸುಸ್ತಾಗಿ ತವರಿಗೆ ಹೋಗಿದ್ಲು, ಬಂದ್ಲು,” ಎಂದಿದ್ದರು. ಆ ಮಾತು ಮನೆಯಿಂದ ಕಚೇರಿಗೆ ಬಂದು, ಹಳೆಯ ಸಾಹೇಬರ ಬಾಯಿಗೂ ಹತ್ತಿ, ಕಟ್ಟೆಯ ಮಾತೇ ಆಗಿಹೋಯಿತು.

ಅತ್ತೆ ಮಾತಾಡಿ ಸುಮ್ಮನೆ ಕೂರುವ ಪೈಕಿ ಅಲ್ಲ. ಮರುವರ್ಷ ರಜೆಗೆ ಮಗಳು, ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಬಂದು ಮನೆಯಲ್ಲಿ ಕಾಲಿಡಲು ಜಾಗವಿಲ್ಲದಿದ್ದಾಗ, ಕಟ್ಟೆಯಂಥ ಖಾಲಿ ಮನೆಗೆ ಯಾರಾದರೊಬ್ಬರು ಬಂದು ಬಾಗಿಲು ತಟ್ಟಿದರೆ ಅವರಿಗೆಷ್ಟು ಬೇಜಾರಾಗಬೇಡ, ನಾವೇ ಹೋಗಿ ಕೂರೋಣ ಎಂದು ಒಬ್ಬೊಬ್ಬರ ಕೈಗೂ ಫೋನು ಹಿಡಿಸಿದರು. ಪ್ರಶ್ನೆ ಹಾಕದವರಿಗೆ ಊಟವಿಲ್ಲ ಎಂಬ ಕಾನೂನು ಬಂತು. ಮೈದುನ ಬೋಳುತಲೆ ಸವರಿಕೊಂಡು ಕೂದಲಿನ ಬಗ್ಗೆಯೇ ಸಾಲುಸಾಲಾಗಿ ಕೇಳಿದ. ನಾದಿನಿ ಈರುಳ್ಳಿ ಹೆಚ್ಚುತ್ತ ಕಣ್ಣೀರಿನ ವಿಚಾರ ಎತ್ತಿದಳು. ಅತ್ತೆಯಂತೂ ‘ಒಲೆ ಮುಂದೆ’ ಎಂದು ತಮಗೊಂದು ಹೆಸರಿಟ್ಟುಕೊಂಡು, ಹಾಲು ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಸೊಸೆ ಉತ್ತರ ಹೇಳುವಂತಿರಲಿಲ್ಲ. “ನೀನು ಹೇಳಿದ್ರೆ ಅದು ಮನೆಮಾತಾಯ್ತು. ಗೊತ್ತುಗುರಿ ಇಲ್ದೋರು ಯಾರಾದ್ರೂ ಹೇಳ್ಬೇಕು, ಅದ್ರಲ್ಲೇ ಮಜಾ,” ಎನ್ನುತ್ತಿದ್ದರು. ಎಲ್ಲಿಂದಲೋ ಒಂದು ಉತ್ತರ ಬಂದರೆ ಅದನ್ನು ನಾಲ್ಕು ಸಲ ಓದಿಸಿಕೊಂಡು, ಬರೆದವರ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದರು.

ಹೀಗೆ ಆಮೇಲಿನ ರಜೆಗಳಲ್ಲಿ ಗೆರೆ ತವರಿಗೆ ಹೋದರೂ ಹೊಸಿಲು ದಾಟದೆ ತಿರುಗಿ ಬಂದ ಹಾಗೆ ಕಾಣುತ್ತಿತ್ತು. ಕಚೇರಿಯಲ್ಲಿ ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇದರಲ್ಲಿ ತಪ್ಪಿದೆ ಎಂದು ಅವಳಿಗೆ ಅನ್ನಿಸಿದ್ದರೆ ತಾನೆ!

ಹೋದ ವರ್ಷದ ರಜೆಯ ಕೊನೆಯ ದಿನ ಅತ್ತೆ ಒಂದು ಪ್ರಶ್ನೆ ಹಾಕಿದ್ದರು. ‘ಒಲೆ ಮೇಲಿಟ್ಟ ನೀರು ಕುದಿಯುವ ಮೊದಲು ಅಷ್ಟೊಂದು ಸದ್ದು ಮಾಡಿ, ಕುದಿ ಬಂದ ಮೇಲೆ ಯಾಕೆ ಮೆತ್ತಗಾಗುತ್ತದೆ?’ ಮರುದಿನ ಶಾಲೆ ತೆರೆಯಿತು. ಮಕ್ಕಳ ಪ್ರಶ್ನೆಗಳು ದಬದಬನೆ ಬಂದು ಬಿದ್ದು, ಅದು ಎಲ್ಲೋ ತಳಕ್ಕೆ ಸೇರಿಹೋಯಿತು. ಯಾರಾದರೂ ಬಂದರೇ ಎಂದು ಅತ್ತೆ ಆಗಾಗ ಕೇಳುವರು. ಆಸ್ಪತ್ರೆಗೆ ಹೊರಟ ದಿನ, ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಸಿಕೊಳ್ಳುವಾಗಲೂ ಕೇಳಿದ್ದರು. ಈಗ ಪರೀಕ್ಷೆ ಗಲಾಟೆ ಅತ್ತೆ, ಮುಂದಿನ ರಜೆಗೆ ಬರ್ತಾರೆ ಎಂದು ಇವಳು ಬಾಯಿಗೆ ಬಂದದ್ದು ಹೇಳಿದ್ದಳು. ಅತ್ತೆ ಮನೆಗೆ ತಿರುಗಿ ಬರಲಿಲ್ಲ.

ಅತ್ತೆ ಇಲ್ಲದ ಮನೆಗೆ ಈ ರಜೆಯಲ್ಲಿ ಯಾರೂ ಬರಲಿಲ್ಲ. ಬನ್ನಿ ಎಂದು ಕರೆಯಲು ಇವಳಿಗೂ ಮನಸ್ಸಾಗಲಿಲ್ಲ. ಗೆರೆ ಬಿದ್ದದ್ದು ಹಾಗೆ.

“ರಜ ಹೋದ ವರ್ಷವೂ ಇತ್ತಲ್ಲ? ಅದರ ಹಿಂದಿನ ವರ್ಷವೂ ಇತ್ತು,” ಎಂದರು ಸಾಹೇಬರು. ಕೆಲಸ ಗೊತ್ತಿದ್ದ ಮನುಷ್ಯ. ಹಳೆಯ ಗೆರೆಗಳನ್ನೂ ತೆಗೆಸಿಟ್ಟುಕೊಂಡಿದ್ದರು; ಮೊದಲ ವರ್ಷದ್ದೊಂದನ್ನು ಮಾತ್ರ ಯಾರೂ ಉಳಿಸಿರಲಿಲ್ಲ. “ಆಗ ಇಷ್ಟು ಬಿದ್ದಿಲ್ಲ. ಹಾಗಾದ್ರೆ ಇದು ರಜೆಯ ಇಳಿತ ಅಲ್ಲ. ಜನಕ್ಕೇ ಬೇಡವಾಗಿದೆ ಅಂತ ತಾನೆ ಅರ್ಥ?”

ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ. ಶಾಲೆ ತೆರೆಯಲಿ ಸಾರ್, ಬರುತ್ತಾರೆ ಎಂದಷ್ಟೇ ಅಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮುಚ್ಚಬೇಕು ಎಂದು ಮೇಲಿನವರು ಈ ವಾರವೇ ವರದಿ ಕೇಳಿದ್ದಾರೆ, ಶಾಲೆ ತೆರೆಯುವ ತನಕ ಕಾಯುವವರಲ್ಲ ಎಂದರು. ಅವಳಿಗೇನೂ ತೊಂದರೆಯಾಗುವುದಿಲ್ಲ, ಕೆಳಗಿನ ಮಹಡಿಯಲ್ಲಿ ಮಾರ್ಗದರ್ಶಿ ಪುಸ್ತಕಗಳ ವಿಭಾಗಕ್ಕೆ ಜನ ಬೇಕಾಗಿದ್ದಾರೆ ಎಂದೂ ಸೇರಿಸಿದರು.

ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡಳು. ಅವನು ಹೆಚ್ಚು ಮಾತಿನವನಲ್ಲ. ಎದ್ದುಹೋಗಿ ತಮ್ಮನಿಗೆ, ತಂಗಿಗೆ, ಚಿಕ್ಕಪ್ಪನ ಮಕ್ಕಳಿಗೆ ಫೋನು ಮಾಡಿದ. ಅಮ್ಮ ಇದ್ದಾಗ ಮಾಡ್ತಿದ್ವಲ್ಲ, ಹಾಗೆ ಒಂದೆರಡು ಪ್ರಶ್ನೆ ಹಾಕಿ ಎಂದು ಬೇಡಿಕೊಂಡ. ಎಲ್ಲರೂ ಆಗಲಿ ಎಂದರು. ಹಾಕಿದರು ಕೂಡ. ಆದರೆ ಅವುಗಳನ್ನು ಪ್ರಶ್ನೆ ಎನ್ನುವುದು ಹೇಗೆ? ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಎಂದು ಮೈದುನ ಬಸ್ಸಿನಲ್ಲಿ ನಿಂತುಕೊಂಡೇ ಬರೆದು ಕಳಿಸಿದ. ನಾದಿನಿ ಮತ್ತೆ ಈರುಳ್ಳಿಯನ್ನೇ ತಂದಳು. ಬರೆದು ಮುಗಿಸಿ ಫೋನು ಮಾಡಿ, “ಅತ್ತಿಗೆ, ಅಮ್ಮ ಪಕ್ಕದಲ್ಲಿ ಕೂತು ಗದರಿಸದೆ ಒಂದೂ ಹೊಳೀತಿಲ್ಲ,” ಎಂದು ಅತ್ತಳು. ಇವಳೂ ಅತ್ತಳು. ಮಾರನೆಯ ದಿನ ಗೆರೆ ಒಂದು ಕೂದಲೆಳೆಯಷ್ಟು ಎದ್ದು, ಸಂಜೆಯ ಹೊತ್ತಿಗೆ ಮತ್ತೆ ಮಲಗಿತು.

ಇನ್ನು ನಿಜ ಹೇಳುವುದೊಂದೇ ದಾರಿ ಎಂದುಕೊಂಡು ಸಾಹೇಬರ ಕೋಣೆಗೆ ಹೋದಳು. ಕೂರಿ ಎಂದರೂ ಕೂರಲಿಲ್ಲ. ಅತ್ತೆ, ಮೈದುನ, ನಾದಿನಿ, ಊಟದ ಕಾನೂನು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಕಿವಿಗೇ ಅದು ಮಕ್ಕಳಾಟದ ಹಾಗೆ ಕೇಳಿಸತೊಡಗಿತು. ಪ್ರತಿ ರಜೆಯಲ್ಲೂ ಕಟ್ಟೆ ಹೀಗೆಯೇ ಖಾಲಿಯಾಗುತ್ತದೆ ಸಾರ್, ನಾವು ಹೋಗಿ ಕೂರುತ್ತಿದ್ದೆವು ಅಷ್ಟೇ ಎಂದು ಮುಗಿಸಿದಳು.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಆಗಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ನಂಬ್ತೀನಿ,” ಎಂದರು. “ಆದ್ರೆ ಇದನ್ನ ವರದಿಯಲ್ಲಿ ಬರೆದ್ರೆ ಏನಾಗುತ್ತೆ ಯೋಚಿಸಿ. ಹಳೇ ಲೆಕ್ಕ ಸುಳ್ಳು ಅಂತಾಗುತ್ತೆ. ರಜೆಯದ್ದು ಸುಳ್ಳಾದ್ರೆ ಉಳಿದ ತಿಂಗಳದ್ದು ನಿಜ ಅಂತ ಯಾರು ಒಪ್ತಾರೆ? ನಿಮ್ಮ ಕಟ್ಟೇಲಿ ಕೂತೋರೆಲ್ಲ ನಿಮ್ಮ ನೆಂಟರೇ ಅಂತಾರೆ. ಬರೀಲಾ?”

ಕಿಟಕಿಯ ಹೊರಗೆ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಅದು ಬೀಪ್ ಬೀಪ್ ಎನ್ನುವುದು ನಿಲ್ಲಲೇ ಇಲ್ಲ. ಕಟ್ಟೆಯಲ್ಲಿ ಇಷ್ಟು ವರ್ಷ ಬಂದು ಕೂತ ಮಕ್ಕಳು ಮೇಷ್ಟರುಗಳೆಲ್ಲ ಅವಳ ಕಣ್ಣ ಮುಂದೆ ಬಂದರು. ಒಬ್ಬರ ಮುಖವನ್ನೂ ಅವಳು ನೋಡಿರಲಿಲ್ಲ.

“ಬೇಡ ಸಾರ್,” ಎಂದಳು.

ರಜೆಯ ಕೊನೆಯ ದಿನ ಸಂಜೆ ಕಟ್ಟೆಯನ್ನು ಮುಚ್ಚಿದರು. ಹಳೆಯದನ್ನು ಇನ್ನೂ ಕೆಲವು ದಿನ ಓದಬಹುದು, ಹೊಸದಾಗಿ ಏನನ್ನೂ ಬರೆಯಲಾಗುವುದಿಲ್ಲ ಎಂಬ ಎರಡು ಸಾಲಿನ ಪ್ರಕಟಣೆಯನ್ನು ಅವಳ ಕೈಯಲ್ಲೇ ಬರೆಸಿದರು. ತಂತ್ರಜ್ಞ ಬಂದು, ಒಳಗೆ ಹೋಗುವ ಅವಳ ಗುಟ್ಟಿನ ಪದವನ್ನೂ ಅಳಿಸಿದ. ಮೊದಲ ವರ್ಷ ಬೈದಿದ್ದವನೇ ಅವನು. ಈ ಸಲ ಬೈಯಲಿಲ್ಲ.

ಮಾರನೆಯ ದಿನ ಶಾಲೆ ತೆರೆಯಿತು. ಸಾಮಾನು ಕಟ್ಟಲು ನಾಲ್ಕನೇ ಮಹಡಿಗೆ ಹೋದವಳು, ಸುಮ್ಮನಿರಲಾರದೆ ಪರದೆ ಹಚ್ಚಿದಳು. ಬಂದು ಹೋಗುವವರನ್ನು ಎಣಿಸುವ ಯಂತ್ರವನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ. ನೋಡನೋಡುತ್ತಿದ್ದಂತೆ ಗೆರೆ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಮೊದಲಿನ ಎತ್ತರಕ್ಕೆ ಬಂದು, ಅದನ್ನೂ ದಾಟಿತು. ಕೇಳಲೆಂದು ಬಂದವರು ಪ್ರಕಟಣೆ ಓದುತ್ತಿದ್ದರು, ಹೋಗುತ್ತಿದ್ದರು, ಏನೋ ತಪ್ಪಾಗಿರಬೇಕೆಂದು ಮತ್ತೆ ಬರುತ್ತಿದ್ದರು. ಸಾಹೇಬರನ್ನು ಕರೆದು ತಂದು ತೋರಿಸಿದಳು.

ಅವರು ಬಹಳ ಹೊತ್ತು ನೋಡಿದರು. ಈ ಸಲ ಬೆರಳು ಇಡಲಿಲ್ಲ. “ನೀವು ಹೇಳಿದ್ದು ಸರಿ,” ಎಂದರು. “ಆದ್ರೆ ಸಹಿ ಆಗೋಗಿದೆ.” ಅಷ್ಟು ಹೇಳಿ, ನೆರಳಚ್ಚು ಯಂತ್ರದಲ್ಲಿ ಉಳಿದಿದ್ದ ಯಾರದೋ ಹಾಳೆಯನ್ನು ಎತ್ತಿ ನೇರ ಮಾಡಿಟ್ಟು ಹೋದರು.

ಪರದೆ ಆರಿಸುವ ಮೊದಲು ಅವಳು ‘ಒಲೆ ಮುಂದೆ’ ಹೆಸರನ್ನು ಹುಡುಕಿ ಒಂದು ಸಲ ತೆರೆದಳು. ಆ ಕೊನೆಯ ಪ್ರಶ್ನೆಯ ಕೆಳಗೆ ಒಂದು ಉತ್ತರವಿತ್ತು. ಹಿಂದಿನ ದಿನ, ಕಟ್ಟೆ ಮುಚ್ಚುವುದಕ್ಕೆ ಸ್ವಲ್ಪ ಮೊದಲು ಬಂದದ್ದು. ಬರೆದವರ ಹೆಸರು ‘ಮೂರನೇ ಬೆಂಚು’.

‘ರಜೆಯಲ್ಲಿ ಕೆಲಸವಿಲ್ಲದೆ ಹಳೆಯ ಪ್ರಶ್ನೆಗಳನ್ನು ಓದುತ್ತಿದ್ದೆ, ಇದಕ್ಕೆ ಯಾರೂ ಉತ್ತರ ಹೇಳಿಲ್ಲವಲ್ಲ ಅನ್ನಿಸಿತು. ಪಾತ್ರೆಯ ತಳದಲ್ಲಿ ಮೊದಲು ಬಿಸಿಯಾದ ನೀರು ಗುಳ್ಳೆಯಾಗಿ ಮೇಲೇಳುತ್ತದೆ. ಮೇಲಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಹಾಗಾಗಿ ಗುಳ್ಳೆಗಳು ದಾರಿಯಲ್ಲೇ ಕುಸಿದು ಹೋಗುತ್ತವೆ. ನಮಗೆ ಕೇಳಿಸುವುದು ಆ ಸದ್ದು. ನೀರೆಲ್ಲ ಕಾದ ಮೇಲೆ ಅವು ಕುಸಿಯದೆ ಮೇಲಿನವರೆಗೂ ಬಂದು ಒಡೆಯುತ್ತವೆ, ಸದ್ದು ಮೆತ್ತಗಾಗುತ್ತದೆ. ತಳ ಒರಟಾಗಿದೆಯೋ ನುಣುಪಾಗಿದೆಯೋ ಎನ್ನುವುದರ ಮೇಲೂ ಸದ್ದು ಬದಲಾಗಬಹುದು. ನಿಮ್ಮದು ಯಾವ ಪಾತ್ರೆ? ದಯವಿಟ್ಟು ತಿಳಿಸಿ, ಕಾಯುತ್ತಿರುತ್ತೇನೆ.’

ಅವಳು ಉತ್ತರದ ಚೌಕದ ಮೇಲೆ ಒತ್ತಿದಳು. ಅದು ತೆರೆಯಲಿಲ್ಲ. ಮತ್ತೆ ಒತ್ತಿದಳು. ಅವಳೇ ಬರೆದ ಎರಡು ಸಾಲು ಎದ್ದು ಬಂತು.

ಸಂಜೆ ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ನೀರಿಡುತ್ತಿದ್ದ. ಅವಳು ಚೀಲವನ್ನೂ ಕೆಳಗಿಡದೆ ಹೋಗಿ ಅವನ ಕೈಯಿಂದ ಪಾತ್ರೆ ಈಸಿಕೊಂಡು, ನೀರು ಚೆಲ್ಲಿ, ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಅತ್ತೆ ಬೇರೆ ಪಾತ್ರೆಯಲ್ಲಿ ನೀರು ಕಾಯಿಸಿದ್ದನ್ನು ಅವಳು ಕಂಡಿರಲಿಲ್ಲ. ಉಜ್ಜಿ ಉಜ್ಜಿ ತಳವೆಲ್ಲ ಗೀರು, ಒಂದು ಮಗ್ಗುಲಲ್ಲಿ ನೆಗ್ಗು.

“ಅಲ್ಯೂಮಿನಿಯಂ,” ಎಂದಳು. “ತಳ ಒರಟು.”

ಅವನು ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಪಾತ್ರೆಯಲ್ಲಿ ಮತ್ತೆ ನೀರು ತುಂಬಿಸಿ ಒಲೆಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ನೀರು ಗುಂಯ್ಗುಡತೊಡಗಿತು, ಅಡುಗೆಮನೆಯ ತುಂಬ ಆ ಸದ್ದೇ ಆಯಿತು. ಅದು ಮೆತ್ತಗಾದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದರು. ಒಲೆ ಆರಿಸುವುದು ಇಬ್ಬರಿಗೂ ನೆನಪಾಗಲಿಲ್ಲ.