ಪರದೆಯ ಸೀಸ

ತೂಕದ ಯಂತ್ರ ಹತ್ತುವ ಮೊದಲು ಟೈಲರಮ್ಮ ಒಳಲಂಗದ ಅಂಚನ್ನು ಮೆಲ್ಲಗೆ ಒತ್ತಿ ನೋಡಿಕೊಂಡಳು. ಗುಂಡುಗಳು ಸದ್ದು ಮಾಡಲಿಲ್ಲ. ಕಿಟಕಿಯ ಪರದೆ ಗಾಳಿಗೆ ಹಾರದಿರಲೆಂದು ಅಂಚಿನೊಳಗಿಟ್ಟು ಹೊಲಿಯುವ ಸೀಸದ ಗುಂಡುಗಳವು. ಜೀವಮಾನವೆಲ್ಲ ಕಂಡವರ ಮನೆಯ ಪರದೆ ಹೊಲಿದವಳಿಗೆ ಅವನ್ನು ಲಂಗದಂಚಿಗೆ ಸೇರಿಸಿ ಹೊಲಿಯಲು ಬಾರದೇ?

ಸಮುದಾಯ ಭವನದ ಈ ಆಹಾರದ ಪಾಠಕ್ಕೆ ಬರುವವರೆಲ್ಲ ಕೈ ಬರಿದಾದ ಮುದುಕ ಮುದುಕಿಯರು. ತೀರಾ ಸೊರಗಿದವರಿಗೆ ಹಾಲಿನ ಪುಡಿ, ಕಾಳು, ಮೊಟ್ಟೆಯ ಪೊಟ್ಟಣವೂ ಸಿಗುತ್ತಿತ್ತು. ಟೈಲರಮ್ಮ ಅದನ್ನೆಲ್ಲ ಕಣ್ಣು ಕಾಣದ ಅಕ್ಕನಿಗೆ ಉಣಿಸಿ, ತಾನು ಚಹಾದಲ್ಲಿ ಬ್ರೆಡ್ ಅದ್ದಿಕೊಂಡು ದಿನ ದೂಡುತ್ತಿದ್ದಳು. ಇಬ್ಬರನ್ನೂ ಬೇರೆ ಮಾಡಿಯಾರೆಂದು ಅಕ್ಕನ ವಿಷಯ ಇಲ್ಲಿ ಬಾಯಿಬಿಟ್ಟಿರಲಿಲ್ಲ. ಹೋದ ತಿಂಗಳು ಪಕ್ಕದ ಕುರ್ಚಿಯ ಇಸ್ತ್ರಿಯವಳ ತೂಕ ಇಳಿದದ್ದೇ ತಡ, ಒಂಟಿಯಾಗಿ ಬದುಕಲಾರಳೆಂದು ಅವಳನ್ನು ವ್ಯಾನಿಗೆ ಹತ್ತಿಸಿ ವೃದ್ಧಾಶ್ರಮಕ್ಕೆ ಒಯ್ದಿದ್ದರು. ಅಂದಿನಿಂದ ಈ ಯಂತ್ರ ಕಂಡರೆ ಟೈಲರಮ್ಮನಿಗೆ ಜೀವ ಬಾಯಿಗೆ ಬರುತ್ತಿತ್ತು. ತನ್ನನ್ನೂ ಒಯ್ದರೆ ಅಕ್ಕನ ಬಾಯಿಗೆ ತುತ್ತಿಡುವವರು ಯಾರು?

"ಅರೆ, ಒಂದೂವರೆ ಕಿಲೋ ಜಾಸ್ತಿ!" ಪಾಠ ಹೇಳುವ ಮೇಡಂ ಹಿಗ್ಗಿದರು. "ನೋಡಿ ಎಲ್ರೂ, ನಾನ್ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದಾರೆ. ಏನೇನ್ ತಿಂತೀರಾ, ಹೇಳಿ."

"ಕಾಳು... ಮೊಟ್ಟೆ... ರಾತ್ರಿ ಹಾಲು," ಎಂದು ಟೈಲರಮ್ಮ ಗೋಡೆಯ ಮೇಲಿದ್ದ ಆಹಾರದ ಚಿತ್ರಗಳನ್ನೇ ಒಂದೊಂದಾಗಿ ನೋಡಿ ಹೇಳಿದಳು.

"ಹಂಗಾದ್ರೆ ನಾಳೆಯಿಂದ ನಾನೂ ನಿನ್ ಮನೇಗೇ ಊಟಕ್ ಬರ್ತೀನಮ್ಮ," ಎಂದ, ಮನೆಮನೆಗೆ ಪೇಪರ್ ಹಾಕಿ ಬದುಕು ಸಾಗಿಸಿದ್ದ ತಾತ. ಎಲ್ಲರೂ ನಕ್ಕರು. ಅವಳೂ ನಗಲು ಹೋಗಿ ಸೋತಳು.

ಮೇಡಂ ಅವಳ ಬೆನ್ನು ತಟ್ಟಿದರು. "ಇನ್ನು ನಿಮ್ಗೆ ಪೊಟ್ಟಣ ಬೇಕಾಗಿಲ್ಲ ಬಿಡಿ. ನಿಮ್ ಪಾಲು ತಾತಂಗೆ ಕೊಡೋಣ. ಖುಷಿ ತಾನೆ?"

ಟೈಲರಮ್ಮನ ಅತಿ ಜಾಣತನ ಕೊರಳಿಗೇ ಬಂದಿತ್ತು. ಬಾಯಿಬಿಟ್ಟರೆ ವ್ಯಾನು, ಬಿಡದಿದ್ದರೆ ಅಕ್ಕನ ಬಟ್ಟಲು ಖಾಲಿ. ಬೆಳಿಗ್ಗೆ ಹೊರಡುವಾಗ ಅಕ್ಕ ಕೈ ಹಿಡಿದು, "ಬೇಗ್ ಬಂದ್ಬಿಡು, ಒಬ್ಳೇ ಹೆದ್ರಿಕೆ ಆಗತ್ತೆ," ಎಂದಿದ್ದಳು.

"ತಡೀರಿ ಮೇಡಂ." ಅವಳು ಕುರ್ಚಿಯಲ್ಲಿ ಕುಸಿದು, ಚೀಲದಿಂದ ಪುಟ್ಟ ಕತ್ತರಿ ತೆಗೆದಳು. ಒಳಲಂಗದ ಅಂಚು ಹಿಡಿದು ದಾರಕ್ಕೆ ಕತ್ತರಿ ಹಾಕಿದಳು. ಸೀಸದ ಗುಂಡುಗಳು ಟಪಟಪನೆ ಉದುರಿ ನೆಲದ ತುಂಬ ಉರುಳಿದವು. ಒಂದು ತಾತನ ಕಾಲಿಗೆ ಬಡಿದು ನಿಂತಿತು. ಈ ಸಲ ಯಾರೂ ನಗಲಿಲ್ಲ.

"ಇದೇನಮ್ಮಾ ಇದು? ಮತ್ತೆ ಪೊಟ್ಟಣದ್ದೆಲ್ಲ ತಿಂತಿರೋದ್ ಯಾರು?" ಮೇಡಂ ದನಿ ಸಣ್ಣದಾಗಿತ್ತು.

"ನಮ್ಮಕ್ಕ. ಕಣ್ ಕಾಣಲ್ಲ ಅವ್ಳಿಗೆ. ನೀವ್ ಕೊಟ್ಟಿದ್ದೆಲ್ಲ ಅವ್ಳಿಗೇ ಹಾಕೋದು. ನಮ್ನ ಬೇರೆ ಮಾಡ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ."

ಮೇಡಂ ಬಗ್ಗಿ ನೆಲದ ಮೇಲಿನ ಗುಂಡೊಂದನ್ನು ಎತ್ತಿಕೊಂಡರು. ಆಮೇಲೆ, "ಇನ್ನೊಂದ್ಸಲ ಹತ್ತಿ," ಎಂದರು.

ಟೈಲರಮ್ಮ ಚಪ್ಪಲಿ ಕಳಚಿ ಹತ್ತಿದಳು. ವ್ಯಾನೋ ಪೊಟ್ಟಣವೋ ಹೇಳದೆ, ಯಂತ್ರದ ಮುಳ್ಳು ಎಲ್ಲೂ ನಿಲ್ಲದೆ ನಡುಗುತ್ತಲೇ ಇತ್ತು.