ಎರಡನೇ ಶೆಡ್ಡಿನ ನೀರು

ಗಂಡನ ಏಟು ತಾಳಲಾರದೆ ತವರಿಗೆ ಬಂದ ತಂಗಿಗೆ ಅಣ್ಣ ಒಂದು ಕೋಳಿ ಶೆಡ್ಡು ಕೊಟ್ಟ. ದಾನವಾಗಿ ಅಲ್ಲ, ಪರೀಕ್ಷೆಗೆ.

"ಈ ಸಲದ ಮರಿಗಳನ್ನ ಉಳಿಸ್ಕೊಂಡ್ರೆ ಶೆಡ್ಡೂ ನಿಂದೇ, ಅದರ ಪಕ್ಕದ ಕೋಣೇನೂ ನಿಂದೇ. ಸತ್ರೆ ನೀನು ನಿನ್ನ ಗಂಡನ ಮನೆಗೆ" ಅಂದ.

ಒಡಹುಟ್ಟಿದವರ ಪ್ರೀತಿ ಅಂದರೆ ಹೀಗಿರಬೇಕು! ಅವಳು ಅದಕ್ಕೂ ಕೈಮುಗಿದಳು. ಆ ಮನೆಗೆ ಇನ್ನೊಮ್ಮೆ ಹೋದರೆ ಹೆಣವಾಗಿಯೇ ಹೊರಬರುತ್ತೇನೆ ಎಂಬುದು ಅವಳಿಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಮೊದಲನೇ ಶೆಡ್ಡು ಅತ್ತಿಗೆಯದು. ಎರಡನೆಯದರಲ್ಲಿ ತಂಗಿ ಮೈ ಮುರಿದು ದುಡಿದಳು. ನೆಲಕ್ಕೆ ಹಾಸಿದ ಮರದ ಹೊಟ್ಟನ್ನು ಕೆದಕಿ ಒಣಗಿಸುವುದು, ನೀರಿನ ಬಟ್ಟಲು ತೊಳೆಯುವುದು, ಸೊಟ್ಟ ಕಾಲಿನ ಮರಿಯನ್ನು ಬೇರೆ ಇಟ್ಟು ಸಾಕುವುದು. ಮರಿಗಳು ಪುಕ್ಕ ಬಿಡುವ ಹೊತ್ತಿಗೆ ಎರಡೂ ಶೆಡ್ಡಿನ ಹೊಟ್ಟಿನ ಮೇಲೆ ಹಿಕ್ಕೆಯ ಜೊತೆ ರಕ್ತ ಕಂಡಿತು.

ಔಷಧಿ ಅಂಗಡಿಗೆ ಹೋದವಳು ಅತ್ತಿಗೆ. ಅಂಗಡಿಯವನು ಪುಡಿಯ ಪೊಟ್ಟಣ ಮುಂದಿಟ್ಟು ಬಿಡಿಸಿ ಹೇಳಿದ.

"ಕಣ್ಣಿಗೆ ಕಾಣದ ಹುಳ ಅಕ್ಕಾ, ಕರುಳೊಳಗೆ ಕೂತು ತಿನ್ನತ್ತೆ. ಬಿ-ಒನ್ ವಿಟಮಿನ್ ಇಲ್ದೆ ಅದು ಬೆಳೆಯಲ್ಲ. ಈ ಪುಡಿ ಅದೇ ವಿಟಮಿನ್ ಥರ ವೇಷ ಹಾಕ್ಕೊಂಡು ಹೋಗತ್ತೆ. ಹುಳ ಮೋಸ ಹೋಗಿ ಇದನ್ನೇ ಒಳಗೆ ಬಿಟ್ಕೊಳತ್ತೆ, ಉಪವಾಸ ಸಾಯತ್ತೆ. ಆದ್ರೆ ಮದ್ದು ಮುಗಿಯೋವರೆಗೂ ವಿಟಮಿನ್ ಟಾನಿಕ್ ಮಾತ್ರ ಕೊಡ್ಬೇಡಿ. ನಿಜವಾದ್ದು ಬೇಕಾದಷ್ಟು ಸಿಕ್ರೆ ಈ ನಕಲಿ ಆಟ ನಡೆಯಲ್ಲ."

ಅತ್ತಿಗೆ ಎಲ್ಲವನ್ನೂ ಕಿವಿಗೆ ಹಾಕಿಕೊಂಡಳು. ಮನೆಗೆ ಬಂದು ನಾದಿನಿಗೆ ಪುಡಿ ಕೊಟ್ಟಳು; ಟಾನಿಕ್ಕಿನ ಮಾತೆತ್ತಲಿಲ್ಲ. ಮರುದಿನ ಬೆಳಿಗ್ಗೆ ಕೈಯಲ್ಲಿ ದೊಡ್ಡದೊಂದು ಬಾಟಲಿ ಹಿಡಿದು ಎರಡನೇ ಶೆಡ್ಡಿಗೆ ಬಂದಳು.

"ಎಷ್ಟು ಸೊರಗಿವೆ ನೋಡೇ ಪಾಪ. ಬರೀ ಮದ್ದು ಕುಡಿಸಿದ್ರೆ ತಡ್ಕೊಳ್ತವಾ? ಈ ವಿಟಮಿನ್ ಟಾನಿಕ್ಕೂ ಸೇರ್ಸು. ನಾನೂ ನನ್ನವಕ್ಕೆ ಹಾಕ್ದೆ."

ಹಾಕಿರಲಿಲ್ಲ. ಆದರೆ ತವರಿಗೆ ಬಂದಮೇಲೆ ತಂಗಿಯ ಕಿವಿಗೆ ಬಿದ್ದ ಮೊದಲ ಮೆತ್ತನೆಯ ಮಾತು ಅದು. ಹುಚ್ಚು ಹುಡುಗಿ, ಕಣ್ಣು ಒರೆಸಿಕೊಂಡಳು. ಅತ್ತಿಗೆ ಹೇಳಿದ್ದಕ್ಕಿಂತ ಇನ್ನಷ್ಟು ಧಾರಾಳವಾಗಿ, ಹೊತ್ತು ಹೊತ್ತಿಗೂ ನೀರಿಗೆ ಬೆರೆಸಿದಳು.

ಅತ್ತಿಗೆಯ ಶೆಡ್ಡಿನಲ್ಲಿ ರಕ್ತ ನಿಂತಿತು. ತಂಗಿಯ ಶೆಡ್ಡಿನಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಗುಂಪುಗೂಡಿದವು, ಒಂದರ ಮೇಲೊಂದು ಬಿದ್ದು ಸತ್ತವು. ಅವಳು ಬಕೆಟ್ಟಿನಲ್ಲಿ ತುಂಬಿ ಗುಂಡಿಗೆ ಸುರಿದಳು, ಬಂದು ಮತ್ತೆ ಟಾನಿಕ್ ಬೆರೆಸಿದಳು. ಉಳಿದವಾದರೂ ಗಟ್ಟಿಯಾಗಲಿ ಎಂದು.

ಅಣ್ಣ ಕರೆಸಿದ ಪಶುವೈದ್ಯರು ಒಂದು ಮರಿಯನ್ನು ಸೀಳಿದರು. ಕರುಳು ಉಬ್ಬಿ ರಕ್ತ ಹೆಪ್ಪುಗಟ್ಟಿತ್ತು.

"ನೀರಿಗೆ ಮದ್ದಿನ ಜೊತೆ ಇನ್ನೇನು ಹಾಕ್ತಿದ್ದೆ?"

"ವಿಟಮಿನ್ ಟಾನಿಕ್ ಸರ್, ಶಕ್ತಿ ಬರ್ಲಿ ಅಂತ."

"ಹುಳಕ್ಕೇ ಕೂರಿಸಿ ಊಟ ಬಡಿಸಿದ್ದೀಯಲ್ಲಮ್ಮ! ಯಾರು ಹೇಳಿದ್ದು ನಿಂಗೆ?"

ತಂಗಿ ಅತ್ತಿಗೆಯನ್ನು ನೋಡಿದಳು.

"ನನ್ನನ್ನೇನು ನೋಡ್ತೀಯೆ? ನಾನೆಲ್ಲಿ ಕೊಟ್ಟೆ? ಕೊಂದಿದ್ದು ನೀನು, ಗೂಬೆ ಕೂರಿಸೋದು ನನ್ನ ಮೇಲಾ?"

"ಅಣ್ಣಾ, ಅವರೇ ಬಾಟಲಿ ತಂದು ಕೊಟ್ರು. ನಿನ್ನಾಣೆ."

"ಬಟ್ಟೆ ಕಟ್ಕೋ" ಅಂದ ಅಣ್ಣ.

ಅವಳು ಅವನ ಕಾಲು ಹಿಡಿದಳು. ಅವನು ಕಾಲು ಬಿಡಿಸಿಕೊಂಡ. ಪಶುವೈದ್ಯರು ಮನೆಯ ವಿಷಯ ನಮಗೇಕೆ ಎಂಬಂತೆ ಕೈ ತೊಳೆದುಕೊಂಡು ಹೊರಟರು.

ಅವಳು ಗಂಟು ಹಿಡಿದು ಅಂಗಳಕ್ಕೆ ಬಂದಾಗ ಗೇಟಿನಾಚೆ ಗಂಡ ಬೈಕಿಗೆ ಒರಗಿ ನಿಂತಿದ್ದ. ಇಷ್ಟು ಬೇಗ ಇವನಿಗೆ ಸುದ್ದಿ ಮುಟ್ಟಿಸಿದವರಾರು ಎಂದು ಅವಳು ಬೆಪ್ಪಾಗಿ ನೋಡಿದಳು. ಅವನಿಗೆ ನಗು ಬಂತು.

"ಹಾಗ್ಯಾಕೆ ನೋಡ್ತೀಯೆ? ಮೊನ್ನೆಮೊನ್ನೆ ನಿಮ್ಮಣ್ಣನೇ ಫೋನ್ ಮಾಡಿದ್ದ. 'ಇವತ್ತು ನನ್ನ ಹೆಂಡ್ತಿ ಟಾನಿಕ್ ಕೊಟ್ಟಿದ್ದಾಳೆ, ಇನ್ನೇನು ಮರಿಗಳು ಸಾಯ್ತವೆ, ವಾರದೊಳಗೆ ಬಂದು ಕರ್ಕೊಂಡು ಹೋಗು' ಅಂದ."

ತಂಗಿ ಹಿಂದಕ್ಕೆ ತಿರುಗಿದಳು. ಅಣ್ಣ ಅವಳನ್ನು ದಾಟಿಕೊಂಡು ಹೋಗಿ ಗೇಟು ತೆಗೆದ.