ಅವನ ‘ಆಗಲ್ಲ’ಕ್ಕೆ ನಮ್ಮ ತಾಲೀಮು

೧
ಎಲ್ಲಿಂದ ಶುರು ಮಾಡಲಿ? ಇಸ್ತ್ರಿ ಯಂತ್ರದ ಉರುಳೆಗೆ ಅಕ್ಕನ ಎರಡು ಬೆರಳು ಸಿಕ್ಕಿದಲ್ಲಿಂದಲೇ? ಬೇಡ. ‘ಅಯ್ಯೋ ಪಾಪ’ ಎಂದು ಪುಟ ತಿರುಗಿಸುತ್ತೀರಿ. ಹೊಡೆದು ಹಾಕಿದೆ.

೧ (ಮತ್ತೆ)
ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿ. ಮ್ಯಾನೇಜರನ ಜೊತೆ ಮಾತುಕತೆಗೆ ಹೋಗುವ ಮುಂಚೆ ಇಲ್ಲಿನ ಕೆಲಸಗಾರರು ತಮ್ಮಲ್ಲೇ ಒಬ್ಬನನ್ನು ಮ್ಯಾನೇಜರ್ ಮಾಡಿ ಕೂರಿಸಿ ತಾಲೀಮು ನಡೆಸುತ್ತಾರೆ. ಅವನು ಏನನ್ನುತ್ತಾನೋ ಮೊದಲೇ ಗೊತ್ತಿದ್ದರೆ ಎದುರಿಗೆ ಬಾಯಿ ಕಟ್ಟುವುದಿಲ್ಲವಲ್ಲ! ಆ ಪಾರ್ಟು ಯಾವಾಗಲೂ ಬಟ್ಟೆಯ ಗಾಡಿ ತಳ್ಳುವ ‘ಮಿಮಿಕ್ರಿ’ಯದ್ದು. ಮ್ಯಾನೇಜರನ ಕೆಮ್ಮನ್ನೂ ಬಿಡದವನು.

ಈ ಸಲದ ಬೇಡಿಕೆ ಎರಡೇ. ಪ್ರತಿ ಯಂತ್ರಕ್ಕೂ ಕೈ ಸಿಕ್ಕದಂತೆ ಜಾಲರಿ ಹಾಕಬೇಕು. ಇಸ್ತ್ರಿ ಯಂತ್ರದಲ್ಲಿ ದುಡಿಯುವ, ಎಲ್ಲರೂ ‘ಅಕ್ಕ’ ಎನ್ನುವವಳ ಕೆಲಸ ಹೋಗಕೂಡದು.

“ಜಾಲರಿ ಹಾಕಿದ್ರೆ ಸ್ಪೀಡ್ ಕಮ್ಮಿಯಾಗುತ್ತೆ. ಆರ್ಡರ್ ಹೋದ್ರೆ ನಿಮ್ಮಪ್ಪ ತಂದ್ಕೊಡ್ತಾನಾ?” ಎಂದ ಮಿಮಿಕ್ರಿ, ಕಾಲ ಮೇಲೆ ಕಾಲು ಹಾಕಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. “ಥೇಟ್ ಹೀಗೇ ಅಂತಾನೆ ಕಣ್ರೋ! ಸರಿ, ಒಂದೇ ಯಂತ್ರಕ್ಕೆ ಕೇಳೋಣ.”

“ಒಂದಕ್ಕೆ ಹಾಕಿದ್ರೆ ಎಲ್ಲದಕ್ಕೂ ಕೇಳ್ತೀರಿ. ಆಗಲ್ಲ.”

“ಅಕ್ಕನ ಕೆಲಸ ಆದ್ರೂ...”

“ಬೆರಳಿಲ್ದೋರು ಬಟ್ಟೆ ಹೆಂಗ್ರೀ ಹಿಡೀತಾರೆ?”

ಅಕ್ಕ ನಗಲಿಲ್ಲ. (ಇಲ್ಲಿ ಲೇಖಕನ ಪೆನ್ನು ಸಿಟ್ಟಿನಿಂದ ಮುರಿಯಬೇಕಿತ್ತು. ಮುರಿಯಲಿಲ್ಲ. ಲ್ಯಾಪ್‌ಟಾಪು.)

೨
ನಿಜವಾದ ಮ್ಯಾನೇಜರನ ಕೋಣೆಗೆ ಕಾಲಿಡುವಷ್ಟರಲ್ಲಿ, ತಾಲೀಮಿನಲ್ಲೇ ಇಳಿದಿಳಿದು ಒಂದೇ ಬೇಡಿಕೆ ಉಳಿದಿತ್ತು: ‘ಎಚ್ಚರಿಕೆ’ ಎಂಬ ಬೋರ್ಡು.

“ಅಷ್ಟೇನಾ?” ಎಂದನವನು. ಮೇಜಿನ ಮೇಲೆ ಆಗಲೇ ತರಿಸಿಟ್ಟ ಜಾಲರಿಯ ಸ್ಯಾಂಪಲ್ ಇತ್ತು. ಅದನ್ನು ಎರಡು ಬೆರಳಲ್ಲಿ ಮೆಲ್ಲಗೆ ಡ್ರಾಯರಿಗೆ ಜಾರಿಸಿದ. “ಇವತ್ತೇ ಹಾಕಿಸ್ತೀನಿ ಬಿಡಿ.”

ಎದುರಾಳಿಯ ಮುಂದಿನ ನಡೆ ಊಹಿಸುವುದು ಜಾಣತನವಂತೆ! ಥೂ! ಅವನ ‘ಆಗಲ್ಲ’ವನ್ನು ಅವನಿಗಿಂತ ಚೆನ್ನಾಗಿ ನಾವೇ ಹೇಳಿಕೊಂಡೆವು. ಸಂಬಳವಿಲ್ಲದ ಮ್ಯಾನೇಜರುಗಿರಿ!

೩
ಅಂತ್ಯ ಒಂದು: ಹೊರಬಂದ ಮಿಮಿಕ್ರಿ ಅಕ್ಕನ ಕ್ಷಮೆ ಕೇಳುತ್ತಾನೆ.

“ನಾನ್ಯಾಕೆ ಕೇಳ್ಲಿ?” ಎಂದು ಅವನು ನನ್ನ ಮೇಲೇ ಎಗರಿದ. “ಆಗಲ್ಲ ಅಂದೋನು ನಾನು, ಸರಿ. ಹೂಂ ಅಂದೋರ್ಯಾರು? ನೀವೇನ್ ಸಾರ್ ಕಮ್ಮಿ? ಓದೋರು ಏನಂತಾರೋ ಅಂತ ಹೆದರ್ಕೊಂಡು ಅಕ್ಕನ ಬೆರಳನ್ನೇ ಹೊಡೆದು ಹಾಕಿದ್ರಿ!”

ಆ ಅಂತ್ಯವನ್ನೂ ಹೊಡೆದು ಹಾಕಿದೆ.

ಅಂತ್ಯ ಎರಡು: ಮುಷ್ಕರ, ಗೆಲುವು. (ಓದುಕೂಟದಲ್ಲಿ ಚಪ್ಪಾಳೆ ಗ್ಯಾರಂಟಿ.) ಅದನ್ನು ಟೈಪು ಮಾಡುತ್ತಿರುವಾಗಲೇ ಅಕ್ಕ ಹಿಂದಿರುಗಿ, ಬ್ಯಾಂಡೇಜು ಸುತ್ತಿದ ಕೈಯಿಂದ ಮ್ಯಾನೇಜರನ ಕೋಣೆಯ ಬಾಗಿಲು ತಳ್ಳಿದಳು.

“ಅಕ್ಕಾ, ತಡಿ! ಅವ್ನು ಏನಂತಾನೆ ಅಂದ್ರೆ...” ಎಂದ ಮಿಮಿಕ್ರಿ.

“ಬಾಯ್ಮುಚ್ಚೋ. ಅವನ ಮಾತು ಅವನೇ ಆಡ್ಲಿ.”

ಬಾಗಿಲು ಮುಚ್ಚಿತು. ಒಳಗೆ ಏನಾಯಿತು ಎನ್ನುತ್ತೀರಾ? ನಾನು ಹೇಳುವುದಿಲ್ಲ, ನೀವೂ ಊಹಿಸಬೇಡಿ. ಹೊರಗೆ ನಿಂತು ಊಹಿಸುವವರು ಬೇಕಾದಷ್ಟಿದ್ದೇವೆ. ಒಳಗೆ ಹೋದವಳು ಒಬ್ಬಳೇ.